ಮೇಷ್ಟ್ರು ನಡೆಸಿದ ವಾರಪತ್ರಿಕೆ

1980ರ ಜುಲೈ ತಿಂಗಳು ಕರ್ನಾಟಕದ ರಾಜಕೀಯವನ್ನು ಅಲುಗಿಸಿದ ತಿಂಗಳು. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ ವಿರುದ್ಧ ಬೀದಿಗೆ ಇಳಿದಿದ್ದರು. 21ನೇ ತಾರೀಖು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ಸಿಟ್ಟು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿಕೊಂಡಿತು. ಅದೇ ಜುಲೈನಲ್ಲಿ ಬೆಂಗಳೂರಿನಿಂದ ಒಂದು ಹೊಸ ವಾರಪತ್ರಿಕೆಯೂ ಹೊರಟಿತು. ಟ್ಯಾಬ್ಲಾಯ್ಡ್ ಆಕಾರ, ಕಪ್ಪು ಬಿಳುಪು ಮುದ್ರಣ, ಒಳಗೆ ಒಂದೇ ಒಂದು ಜಾಹೀರಾತಿಲ್ಲ. ಹೆಸರು ಸಂಪಾದಕರದೇ: ಲಂಕೇಶ್ ಪತ್ರಿಕೆ.

ಪತ್ರಿಕೆಗೆ ತನ್ನ ಹೆಸರನ್ನೇ ಇಟ್ಟುಕೊಳ್ಳುವುದಕ್ಕೆ ಧೈರ್ಯ ಬೇಕು. ಅಚ್ಚಾದ ಪ್ರತಿ ಸಾಲಿನ ಹೊಣೆಯೂ ಆ ಹೆಸರಿನ ಮೇಲೆ ಬೀಳುತ್ತದೆ, ಕೋರ್ಟಿನ ಸಮನ್ಸ್ ಕೂಡ ಅದೇ ಹೆಸರಿಗೆ ಬರುತ್ತದೆ. ಪಾಳ್ಯ ಲಂಕೇಶರಿಗೆ ಆಗ 45 ವರ್ಷ. ಕಾಲೇಜಿನ ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟು ಹೆಚ್ಚು ಕಾಲವಾಗಿರಲಿಲ್ಲ. ಕಥೆಗಾರ, ಕವಿ, ನಾಟಕಕಾರ, ಸಿನಿಮಾ ನಿರ್ದೇಶಕ ಎಂದು ನಾಡಿಗೆ ಆಗಲೇ ಗೊತ್ತಿದ್ದ ಮನುಷ್ಯ. ಪತ್ರಿಕೆ ನಡೆಸುವುದು ಬಂಡವಾಳ ಇರುವವರ ಕೆಲಸ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಬರವಣಿಗೆಯೊಂದನ್ನೇ ಬಂಡವಾಳ ಮಾಡಿಕೊಂಡು ಹೊರಟರು. ಮುಂದಿನ ಸುಮಾರು ಇಪ್ಪತ್ತು ವರ್ಷ, 2000ದ ಜನವರಿಯಲ್ಲಿ ಕಣ್ಣು ಮುಚ್ಚುವ ತನಕ, ವಾರ ವಾರವೂ ಆ ಬಂಡವಾಳವನ್ನೇ ಹೂಡಿದರು.

ಅವರು ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಒಕ್ಕಲು ಮನೆತನ. ತಾಯಿ ದೇವೀರಮ್ಮ. ಆ ತಾಯಿಯ ದುಡಿಮೆ, ಸಿಟ್ಟು, ಹಟ ಎಲ್ಲ ಮುಂದೆ ‘ಅವ್ವ’ ಎಂಬ ಕವಿತೆಯಾಗಿ ಕನ್ನಡದ ಮಕ್ಕಳ ಪಠ್ಯಕ್ಕೂ ಬಂತು. ಶಿವಮೊಗ್ಗ ಆಗ ಬರೀ ಅಡಿಕೆ, ಭತ್ತದ ಜಿಲ್ಲೆಯಲ್ಲ. ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದ ನೆಲ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆಲ. ಲೋಹಿಯಾ ಹೆಸರು ಕಾಫಿ ಹೋಟೆಲಿನ ಮಾತುಕತೆಯಲ್ಲಿ ಬರುತ್ತಿದ್ದ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಓದಿ ಬಂದ ಲಂಕೇಶ್ ಮೊದಲು ಪಾಠ ಹೇಳಿದ್ದು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ. ಬೆಂಗಳೂರಿಗೆ ಬಂದ ಮೇಲೂ ಮೇಷ್ಟ್ರಾಗಿಯೇ ಇದ್ದರು. ಕೆಲಸ ಬಿಟ್ಟರೂ ಆ ಹೆಸರು ಬಿಡಲಿಲ್ಲ. ಪತ್ರಿಕೆಯ ಕಚೇರಿಯಲ್ಲಿ, ಗೆಳೆಯರ ಬಾಯಲ್ಲಿ, ಜಗಳ ಆಡಿಕೊಂಡು ದೂರ ಹೋದವರ ಬಾಯಲ್ಲಿ ಕೂಡ ಅವರು ಕೊನೆಯವರೆಗೂ ‘ಮೇಷ್ಟ್ರು’.

ಪತ್ರಿಕೆಗೆ ಮುಂಚಿನ ಅವರ ಕೆಲಸವನ್ನು ಒಂದು ಸಲ ನೋಡಿದರೆ ಪತ್ರಿಕೆ ಎಲ್ಲಿಂದ ಬಂತು ಎನ್ನುವುದು ತಿಳಿಯುತ್ತದೆ. 1963ರಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಕಥಾಸಂಕಲನ, 1967ರಲ್ಲಿ ‘ಬಿರುಕು’ ಕಾದಂಬರಿ. ಬಸವಣ್ಣ ಬಿಜ್ಜಳರನ್ನು ರಂಗಕ್ಕೆ ತಂದ ‘ಸಂಕ್ರಾಂತಿ’. ಸಾಫೊಕ್ಲಿಸ್‌ನ ಈಡಿಪಸ್ ಮತ್ತು ಅಂತಿಗೊನೆಯ ಕನ್ನಡ ರೂಪ. ಬೋದಿಲೇರನ ಕವಿತೆಗಳನ್ನು ಕನ್ನಡಿಸಿದ ‘ಪಾಪದ ಹೂಗಳು’. ಹೊಸ ಕವಿಗಳನ್ನು ಒಟ್ಟಿಗೆ ತಂದ ‘ಅಕ್ಷರ ಹೊಸ ಕಾವ್ಯ’. 1970ರ ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನಾಗಿ ನಟಿಸಿದವರು ಅವರೇ. 1976ರ ‘ಪಲ್ಲವಿ’ಗೆ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. ಅದರ ಹಿಂದೆಯೇ ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’. ಪ್ರಜಾವಾಣಿಗೆ ಅಂಕಣ ಬರೆದು, ವಾರಕ್ಕೊಮ್ಮೆ ಓದುಗನ ಜೊತೆ ಮಾತಾಡುವ ರುಚಿಯೂ ಹತ್ತಿತ್ತು. ಸಣ್ಣಕಥೆಯಲ್ಲಿ ಅನಗತ್ಯ ಪದ ಸಲ್ಲದು, ನಾಟಕದಲ್ಲಿ ಮಾತು ಬಾಯಲ್ಲಿ ನಿಲ್ಲಬೇಕು, ಸಿನಿಮಾದಲ್ಲಿ ಮುಖವೇ ಮಾತಾಡಬೇಕು. ಈ ಮೂರು ಶಿಸ್ತುಗಳನ್ನೂ ಕಲಿತು ಬಂದವನ ಕೈಗೆ ವರದಿ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಕನ್ನಡ ಓದುಗರು 1980ರ ನಂತರ ಕಂಡರು.

ವಾರಪತ್ರಿಕೆ ಎನ್ನುವುದು ಕನ್ನಡಕ್ಕೆ ಹೊಸದೇನಲ್ಲ. 1921ರಿಂದ ‘ಕರ್ಮವೀರ’ ಇತ್ತು. ಪಾಟೀಲ ಪುಟ್ಟಪ್ಪನವರು 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ಹೊರಡಿಸಿ ಉತ್ತರ ಕರ್ನಾಟಕದ ಮನೆ ಮನೆಗೆ ಓದುವ ಚಟ ಹಿಡಿಸಿದ್ದರು. 1965ರಲ್ಲಿ ಬಂದ ‘ಸುಧಾ’ ಧಾರಾವಾಹಿ ಕಾದಂಬರಿಗಳಿಂದ ಇಡೀ ಕುಟುಂಬವನ್ನೇ ಓದುಗ ಬಳಗ ಮಾಡಿಕೊಂಡಿತ್ತು. ಅವೆಲ್ಲ ಮನೆಗೆ ಬರುವ ಪತ್ರಿಕೆಗಳು. ಅಡಿಗೆಮನೆಯಿಂದ ಜಗಲಿಯವರೆಗೆ ಎಲ್ಲರ ಕೈ ದಾಟುವಂಥವು. ಲಂಕೇಶ್ ಪತ್ರಿಕೆ ಮೊದಲು ಹುಟ್ಟಿಸಿಕೊಂಡದ್ದು ಬೇರೆ ಓದುಗರನ್ನು: ಕಾಲೇಜು ಹಾಸ್ಟೆಲಿನ ಹುಡುಗರು, ಪ್ರೈಮರಿ ಸ್ಕೂಲಿನ ಮೇಷ್ಟ್ರುಗಳು, ಗುಮಾಸ್ತರು, ಸಂಘಟನೆಯ ಕಾರ್ಯಕರ್ತರು, ತಾಲ್ಲೂಕು ಕಚೇರಿಗೆ ಅಲೆದು ಸುಸ್ತಾದ ರೈತರು. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕೊಂಡ ಪ್ರತಿ ಹೋಟೆಲು, ಕ್ಷೌರದಂಗಡಿ, ಹಾಸ್ಟೆಲ್ ರೂಮುಗಳನ್ನು ದಾಟಿ ಹಾಳೆ ಹಾಳೆಯಾಗುವ ತನಕ ಓಡಾಡುತ್ತಿತ್ತು. ‘ಜಾಣ ಜಾಣೆಯರ’ ಪತ್ರಿಕೆ ಎಂದು ಅದು ತನ್ನನ್ನು ಕರೆದುಕೊಂಡಿತು. ಆ ಜಾಣ ಜಾಣೆಯರು ಬೆಂಗಳೂರಿನ ಬುದ್ಧಿಜೀವಿಗಳಿಗಿಂತ ಹೆಚ್ಚಾಗಿ ತಿಪಟೂರು, ಹಿರಿಯೂರು, ಸಾಗರ, ಗಂಗಾವತಿಗಳಂಥ ಊರುಗಳಲ್ಲಿದ್ದರು.

ಜಾಹೀರಾತು ಬೇಡ ಎಂಬ ತೀರ್ಮಾನದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಯಾವ ಪತ್ರಿಕೆಗೂ ಓದುಗ ಕೊಡುವ ಹಣದಲ್ಲಿ ಕಾಗದದ ಖರ್ಚು ಹುಟ್ಟುವುದೇ ಕಷ್ಟ. ಮುದ್ರಣ, ಸಾಗಣೆ, ಏಜೆಂಟರ ಕಮಿಷನ್, ಮಾರಾಟವಾಗದೆ ಹಿಂದಿರುಗುವ ಪ್ರತಿಗಳು, ಸಿಬ್ಬಂದಿಯ ಸಂಬಳ ಎಲ್ಲ ಲೆಕ್ಕ ಹಾಕಿದರೆ ಉಳಿದದ್ದನ್ನು ತುಂಬುವುದು ಜಾಹೀರಾತು. ಅದರಲ್ಲೂ ಭಾಷಾ ಪತ್ರಿಕೆಗಳಿಗೆ ಸರ್ಕಾರವೇ ದೊಡ್ಡ ಜಾಹೀರಾತುದಾರ. ವಾರ್ತಾ ಇಲಾಖೆಯ ಒಂದು ಫೋನ್ ಕರೆಗೆ ಸಂಪಾದಕೀಯದ ದನಿ ಬದಲಾಗುವುದು ನಮ್ಮಲ್ಲಿ ಹೊಸ ಕಥೆಯಲ್ಲ. ಲಂಕೇಶ್ ಆ ಹಗ್ಗವನ್ನು ಕುತ್ತಿಗೆಗೆ ಹಾಕಿಸಿಕೊಳ್ಳಲೇ ಇಲ್ಲ. ಪರಿಣಾಮವಾಗಿ ಪತ್ರಿಕೆಗೆ ಒಬ್ಬನೇ ಧಣಿ ಉಳಿದ: ವಾರಕ್ಕೊಮ್ಮೆ ಜೇಬಿನಿಂದ ಚಿಲ್ಲರೆ ತೆಗೆಯುವ ಓದುಗ. ಒಂದು ವಾರ ಜೊಳ್ಳು ಬರೆದರೆ ಮುಂದಿನ ವಾರ ಪ್ರತಿಗಳ ಕಟ್ಟು ಏಜೆಂಟರ ಅಂಗಡಿಯಿಂದ ಹಾಗೇ ವಾಪಸು ಬರುವ ಅಪಾಯವಿತ್ತು. ಆ ಅಪಾಯವೇ ಪತ್ರಿಕೆಯನ್ನು ಎರಡು ದಶಕ ಎಚ್ಚರವಾಗಿಟ್ಟಿತು. ಇಂಥ ಪ್ರಯೋಗ ಯಶಸ್ವಿಯಾಗಬಹುದು ಎಂದು ತೋರಿಸಿದ್ದು ಲಂಕೇಶರ ದೊಡ್ಡ ಸಾಧನೆ. ಅವರ ಅತ್ಯುತ್ತಮ ಕಥೆಗಳ ಪಕ್ಕದಲ್ಲೇ ಇಡಬೇಕಾದ ಸಾಧನೆ ಅದು.

ಪತ್ರಿಕೆ ಹುಟ್ಟಿದಾಗ ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿ ಆರು ತಿಂಗಳಾಗಿತ್ತು. ದೆಹಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ಅವರ ನಿಷ್ಠ. ರಾಜ್ಯದಲ್ಲಿ ಸ್ವಾತಂತ್ರ್ಯದ ನಂತರ ಒಮ್ಮೆಯೂ ಕಾಂಗ್ರೆಸ್ಸೇತರ ಸರ್ಕಾರ ಬಂದಿರಲಿಲ್ಲ. ರೈತರ ಮೇಲೆ ಗೋಲಿಬಾರ್, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿಯ ಕುರಿತ ಚಳವಳಿ, ದಲಿತರ ಮೇಲಿನ ದೌರ್ಜನ್ಯ, ಅಧಿಕಾರಸ್ಥರ ದರ್ಬಾರು, ಎಲ್ಲಕ್ಕೂ ಪತ್ರಿಕೆಯಲ್ಲಿ ಜಾಗ ಸಿಕ್ಕಿತು. ಮುಖ್ಯಮಂತ್ರಿ ಅದರಲ್ಲಿ ಬರೀ ‘ಗುಂ’ ಆದರು. ಮುಂದೆ ಬಂಗಾರಪ್ಪ ‘ಬಂ’ ಆದರು. ಒಂದಕ್ಷರದ ಈ ಹೆಸರುಗಳು ಹಳ್ಳಿಯ ಕಟ್ಟೆಗೂ ತಲುಪಿದವು. ಅಧಿಕಾರದಲ್ಲಿರುವವರನ್ನು ಹತ್ತಿರದಿಂದ, ನಮ್ಮ ನಿಮ್ಮಂಥ ಆಸೆಬುರುಕ ಮನುಷ್ಯರನ್ನಾಗಿ ನೋಡುವುದನ್ನು ಓದುಗ ಕಲಿತ. ಮಾನ್ಯ ಸಚಿವರು ಸನ್ಮಾನ್ಯ ಸಚಿವರು ಎಂದೇ ಓದಿ ಬೆಳೆದಿದ್ದ ಜನಕ್ಕೆ ಅದೊಂದು ಬಿಡುಗಡೆ.

1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಜನತಾ ಪಕ್ಷ, ಕ್ರಾಂತಿರಂಗ ಸೇರಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಒಂದು ವಾರಪತ್ರಿಕೆ ಸರ್ಕಾರವನ್ನು ಬೀಳಿಸಿತು ಎನ್ನುವುದು ಅತಿಶಯೋಕ್ತಿ. ರೈತ ಚಳವಳಿ, ದಲಿತ ಸಂಘರ್ಷ ಸಮಿತಿ, ಗೋಕಾಕ್ ಚಳವಳಿ ನೆಲವನ್ನು ಹದ ಮಾಡಿದ್ದವು. ಆದರೆ ಈ ಮೂರೂ ಕಡೆಯ ಸಿಟ್ಟು ಒಂದೇ ಜಾಗದಲ್ಲಿ ಸೇರಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತಾದದ್ದು ಆ ಹಾಳೆಗಳಲ್ಲಿ. ರೈತ ಸಂಘದ ಸಭೆಗೆ ಹೋಗುವವನು ದಲಿತ ಕೇರಿಯ ಸುದ್ದಿಯನ್ನೂ ಓದಬೇಕಾಯಿತು. ಕನ್ನಡ ಚಳವಳಿಯ ಹುಡುಗ ನರಗುಂದದ ರೈತನ ಸಾಲದ ಲೆಕ್ಕ ತಿಳಿಯಬೇಕಾಯಿತು. ಪತ್ರಿಕೆಯ ರಾಜಕೀಯ ಪಾತ್ರವನ್ನು ಅಳೆಯುವುದಾದರೆ ಅಲ್ಲಿ ಅಳೆಯಬೇಕು.

ಹೊಸ ಸರ್ಕಾರಕ್ಕೂ ರಿಯಾಯಿತಿ ಸಿಗಲಿಲ್ಲ. ಪತ್ರಿಕೆಯ ಬೆಂಬಲದ ಸರ್ಕಾರ ಎಂದುಕೊಂಡವರಿಗೆ ಬೇಗನೇ ನಿರಾಸೆಯಾಯಿತು. ಹೆಗಡೆಯವರ ಮಾತಿನ ಮೋಡಿ, ಸಾರಾಯಿ ಬಾಟ್ಲಿಂಗ್ ಪ್ರಕರಣ, ಆಮೇಲೆ ಟೆಲಿಫೋನ್ ಕದ್ದಾಲಿಕೆ, ಯಾವುದನ್ನೂ ಲಂಕೇಶ್ ಸ್ನೇಹದ ಲೆಕ್ಕಕ್ಕೆ ಹಾಕಿ ಬಿಡಲಿಲ್ಲ. ತಮ್ಮ ಜಿಲ್ಲೆಯವರೇ ಆದ ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದಾಗಲೂ ಕಲಮು ಮೆತ್ತಗಾಗಲಿಲ್ಲ.

ಪತ್ರಿಕೆಯ ಜೀವಾಳ ಸಂಪಾದಕರ ಗದ್ಯ. ‘ಟೀಕೆ ಟಿಪ್ಪಣಿ’ ಅಂಕಣವನ್ನು ಇವತ್ತು ತೆರೆದು ಓದಿದರೂ ಮೊದಲ ಪ್ಯಾರಾದಲ್ಲೇ ಹಿಡಿದುಕೊಳ್ಳುತ್ತದೆ. ಒಬ್ಬ ಮಂತ್ರಿಯ ಭ್ರಷ್ಟಾಚಾರದಿಂದ ಶುರುವಾದ ಬರಹ ಟಾಲ್‌ಸ್ಟಾಯ್‌ಗೆ ಹೋಗಿ, ಅಲ್ಲಿಂದ ಊರಿನ ಹಳೆಯ ಗೆಳೆಯನೊಬ್ಬನ ನೆನಪಿಗೆ ಬಂದು, ಮತ್ತೆ ವಿಧಾನಸೌಧದ ಮೆಟ್ಟಿಲಿಗೆ ಬರುತ್ತಿತ್ತು. ಸಂಸ್ಕೃತದ ಭಾರ ಹೊತ್ತ ಪತ್ರಿಕಾಭಾಷೆ ಅಲ್ಲಿಲ್ಲ. ಇಂಗ್ಲಿಷ್ ಓದಿದ ಮೇಷ್ಟ್ರು ಬರೆದದ್ದಾದರೂ ಇಂಗ್ಲಿಷಿನ ಅನುವಾದದ ವಾಸನೆಯಿಲ್ಲ. ಕೊನಗವಳ್ಳಿಯ ಮಾತಿನ ಲಯ, ಪಾಠ ಹೇಳುವವನ ಸ್ಪಷ್ಟತೆ, ಕಥೆಗಾರನ ಕಣ್ಣು. ಯಾರ ಬಗ್ಗೆ ಬರೆದರೂ ಆತ ಹೇಗೆ ನಗುತ್ತಾನೆ, ಹೇಗೆ ಕೂರುತ್ತಾನೆ, ಯಾವಾಗ ಸುಳ್ಳು ಹೇಳುತ್ತಾನೆ ಎನ್ನುವುದು ಗೊತ್ತಾಗುತ್ತಿತ್ತು. ಸುದ್ದಿಯೊಳಗೆ ಪಾತ್ರ ಇರುತ್ತದೆ ಎಂಬುದನ್ನು ಕನ್ನಡದ ವರದಿಗಾರರಿಗೆ ಕಲಿಸಿದ ಗದ್ಯ ಇದು.

ಇದೇ ಹಾಳೆಗಳ ನಡುವೆ ‘ನೀಲು’ ಇದ್ದಳು. ನಾಲ್ಕೈದು ಸಾಲಿನ ಪುಟ್ಟ ಪದ್ಯಗಳು, ಕೆಳಗೆ ಹೆಣ್ಣಿನ ಹೆಸರು. ಪ್ರೇಮ, ಕಾಮ, ಮುದಿತನ, ಸಾವು, ಒಂಟಿತನಗಳ ಬಗ್ಗೆ ನಾಚಿಕೆಯಿಲ್ಲದೆ, ಮೃದುವಾಗಿ ಮಾತಾಡುವ ಹೆಣ್ಣು. ಭ್ರಷ್ಟಾಚಾರದ ವರದಿ ಓದಿ ಬಿಸಿಯಾದವನು ಪಕ್ಕದ ಪುಟದಲ್ಲಿ ನೀಲುವನ್ನು ಓದಿ ಸುಮ್ಮನಾಗುತ್ತಿದ್ದ. ಪತ್ರಿಕೆ ಕೊಳ್ಳುವ ಎಷ್ಟೋ ಮಂದಿ ಮೊದಲು ಹುಡುಕುತ್ತಿದ್ದದ್ದು ನೀಲುವನ್ನೇ. ಕವಿತೆ ಓದದ ಸಾವಿರಾರು ಜನ ಹೀಗೆ ವಾರ ವಾರ ಕವಿತೆ ಓದಿದರು. ಕನ್ನಡ ಕಾವ್ಯಕ್ಕೆ ಇಷ್ಟು ದೊಡ್ಡ ಓದುಗ ವರ್ಗವನ್ನು ಹುಟ್ಟಿಸಿಕೊಟ್ಟ ವಾರಪತ್ರಿಕೆ ಇನ್ನೊಂದು ಸಿಗುವುದು ಕಷ್ಟ.

ಸಂಪಾದಕನ ದೊಡ್ಡಸ್ತಿಕೆ ಅವನು ಬರೆದದ್ದರಲ್ಲಿ ಅರ್ಧ, ಬರೆಸಿದ್ದರಲ್ಲಿ ಅರ್ಧ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಈ ಪತ್ರಿಕೆಗೆ ಬರೆದರು. ಬಿ. ಚಂದ್ರೇಗೌಡರ ‘ಕಟ್ಟೆಪುರಾಣ’ದಲ್ಲಿ ಹಳ್ಳಿಯ ಕಟ್ಟೆ ತನ್ನದೇ ಮಾತಿನಲ್ಲಿ, ತನ್ನದೇ ಪೋಲಿತನದಲ್ಲಿ ರಾಜ್ಯದ ರಾಜಕೀಯವನ್ನು ಜಾಲಾಡಿತು. ರವೀಂದ್ರ ರೇಷ್ಮೆಯವರ ರಾಜಕೀಯ ವರದಿಗಳಿಗೆ ಕಾಯುವ ಓದುಗರಿದ್ದರು. ಜಿಲ್ಲೆ ಜಿಲ್ಲೆಗಳಿಂದ ಹೊಸ ಹುಡುಗರು ಪೋಸ್ಟ್‌ನಲ್ಲಿ ಬರಹ ಕಳಿಸಿದರು. ಅವರಲ್ಲಿ ಅನೇಕರು ಪತ್ರಿಕೋದ್ಯಮ ಓದಿದವರಲ್ಲ. ತಮ್ಮ ಊರಿನ ಶಾಸಕ, ಗುತ್ತಿಗೆದಾರ, ಮಠ, ಸೊಸೈಟಿಗಳ ಬಗ್ಗೆ ಮೊದಲ ಸಲ ಬರೆಯುತ್ತಿದ್ದವರು. ಬರೆದ ಮೇಲೆ ಅದೇ ಊರಿನಲ್ಲಿ ಬದುಕಬೇಕಿದ್ದವರು.

ಈ ಬರೆಸುವಿಕೆಯ ಬಹುದೊಡ್ಡ ಫಲ ಸಾರಾ ಅಬೂಬಕ್ಕರ್. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಸಂಸಾರ ನಡೆಸುತ್ತಿದ್ದ, ನಡುವಯಸ್ಸಿನ ಗೃಹಿಣಿ. 1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ಅವರು ಬರೆದ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಬಂತು. ಅದು ಅಚ್ಚಾದ ಅವರ ಮೊದಲ ಬರಹ. ಹಿಂದೆಯೇ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬರತೊಡಗಿತು. ತಂದೆಯ ಹಟಕ್ಕೆ ತಲಾಖ್ ಹೇಳಿಸಿಕೊಂಡ ನಾದಿರಾ, ಗಂಡನ ಬಳಿಗೆ ಮರಳಬೇಕೆಂದರೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕಾದ ಅವಳ ಸಂಕಟ. ಮುಸ್ಲಿಂ ಮನೆಯ ಒಳಕೋಣೆಯ ಬದುಕು ಅಲ್ಲಿನ ಹೆಣ್ಣಿನ ಬಾಯಲ್ಲೇ ಕನ್ನಡಕ್ಕೆ ಕೇಳಿಸಿದ್ದು ಹಾಗೆ. ಇವತ್ತು ಆ ಕಾದಂಬರಿಯನ್ನು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ. ಅದನ್ನು ಮೊದಲು ಓದಿದವರು ಬಸ್ಸಿಗೆ ಕಾಯುತ್ತಾ ನಿಂತಿದ್ದ ಜನ.

ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದರು. ಆಮೇಲೆ ವಕೀಲಿಕೆಗೆ ಹೋದರು. ಕಥೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳ ಪುಸ್ತಕ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದರು. ಸಣ್ಣ ಊರಿನ ಒಬ್ಬ ಮುಸ್ಲಿಂ ಹೆಣ್ಣುಮಗಳನ್ನು ವರದಿಗಾರ್ತಿ ಎಂದು ಕರೆದು, ಊರಿನ ಅಧಿಕಾರಸ್ಥರನ್ನು ಪ್ರಶ್ನಿಸಲು ಕಳಿಸುವ ಪತ್ರಿಕೆ ಆ ಕಾಲದಲ್ಲಿ ಎಷ್ಟಿದ್ದವು? ಆ ಹಿಗ್ಗಿನಲ್ಲಿ ಬಸವನಗುಡಿಯಲ್ಲಿದ್ದ ಪತ್ರಿಕೆಯ ಕಚೇರಿಗೂ ಒಂದು ಪಾಲು ಸಲ್ಲಬೇಕು.

ಲಂಕೇಶರು ರಾಜಕೀಯದ ಮನುಷ್ಯ ಎಂದು ಮಾತ್ರ ನೆನೆಯುವವರು ಅವರ ಅರ್ಧವನ್ನೇ ಮರೆಯುತ್ತಾರೆ. ಕ್ರಿಕೆಟ್, ಟೆನಿಸ್ ಬಗ್ಗೆ ಅವರು ಬರೆದದ್ದರಲ್ಲಿ ಆಟಗಾರನ ಒಳಮನಸ್ಸು ಕಾಣುತ್ತದೆ. ಕುದುರೆ ರೇಸು, ಇಸ್ಪೀಟು, ಫೋಟೊಗ್ರಫಿ, ಊಟ, ಗೆಳೆಯರ ಸಂಜೆಗಳು ಅವರಿಗೆ ಇಷ್ಟದವು. ಅವೆಲ್ಲ ಬರಹಕ್ಕೂ ಬರುತ್ತಿದ್ದವು. ಸಿನಿಮಾ ವಿಮರ್ಶೆಯಲ್ಲಿ ಮುಲಾಜಿರಲಿಲ್ಲ. ಸತ್ಯಜಿತ್ ರಾಯ್ ಬಗ್ಗೆ, ಚೆಕಾಫ್ ಬಗ್ಗೆ, ಗಾಂಧೀಜಿಯ ಬಗ್ಗೆ ಬರೆಯುವಾಗ ಭಾಷೆ ತಾನಾಗಿ ತಗ್ಗುತ್ತಿತ್ತು. ಕಾಲೇಜು ಬಿಟ್ಟು ಬಂದ ಮೇಷ್ಟ್ರು ಇಡೀ ರಾಜ್ಯವನ್ನು ಒಂದು ತರಗತಿ ಮಾಡಿಕೊಂಡಿದ್ದರು ಎಂದರೆ ತಪ್ಪಿಲ್ಲ. ಜಗತ್ತಿನ ದೊಡ್ಡ ಲೇಖಕರ ಹೆಸರು ಮೊದಲ ಸಲ ಕೇಳಿದ್ದು ಈ ಪತ್ರಿಕೆಯಲ್ಲಿ ಎನ್ನುವವರು ಇವತ್ತಿಗೂ ಜಿಲ್ಲೆ ಜಿಲ್ಲೆಯಲ್ಲಿ ಸಿಗುತ್ತಾರೆ.

ಹೊಗಳಿಕೆಯಲ್ಲೇ ಮುಳುಗಿಸಿದರೆ ಲಂಕೇಶರಿಗೆ ಅನ್ಯಾಯ. ಪತ್ರಿಕೆಯ ಕಟಕಿ ಎಷ್ಟೋ ಸಲ ನ್ಯಾಯದ ಗೆರೆ ದಾಟಿತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ ಖಾಸಗಿ ಬದುಕು ಅಚ್ಚಿಗೆ ಹೋಯಿತು. ದೇಹ, ನಡೆ, ಸಂಬಂಧಗಳ ಬಗೆಗಿನ ಹಾಸ್ಯ ಕೆಲವರ ಮನೆಯವರನ್ನು ನೋಯಿಸಿತು. ಯು.ಆರ್. ಅನಂತಮೂರ್ತಿಯವರಂಥ ಬಹುಕಾಲದ ಗೆಳೆಯರ ಜೊತೆಗಿನ ಪ್ರೀತಿ ಮತ್ತು ಜಗಳ ಎರಡೂ ಓದುಗರ ಕಣ್ಣೆದುರಿಗೇ ನಡೆದವು. ಬಿಸಿಯಲ್ಲಿ ಬರೆದ ತೀರ್ಪುಗಳು ಕೆಲವು ತಣ್ಣಗಾದ ಮೇಲೆ ನಿಲ್ಲುವುದಿಲ್ಲ. ಮಾನನಷ್ಟ ಮೊಕದ್ದಮೆಗಳು ಸಾಲಾಗಿ ಬಂದವು. ಅವುಗಳಲ್ಲಿ ಬಾಯಿ ಮುಚ್ಚಿಸಲೆಂದು ಹಾಕಿದವು ಇದ್ದಂತೆ ನಿಜಕ್ಕೂ ನೊಂದವರು ಹಾಕಿದವೂ ಇದ್ದಿರಬೇಕು. ಈ ಕುಂದನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಂಡು ಓದುವುದು ಅವರಿಗೆ ತೋರಿಸುವ ಗೌರವ. ತಮ್ಮ ಆತ್ಮಕಥೆ ‘ಹುಳಿಮಾವಿನ ಮರ’ದಲ್ಲಿ ತಮ್ಮ ಬಗ್ಗೆಯೇ ಅವರು ನಿರ್ದಾಕ್ಷಿಣ್ಯವಾಗಿ ಬರೆದುಕೊಂಡರು. ಪತ್ನಿ ಇಂದಿರಾ ಲಂಕೇಶ್ ಆಮೇಲೆ ‘ಹುಳಿಮಾವು ಮತ್ತು ನಾನು’ ಬರೆದು, ಆ ಮರದ ನೆರಳಲ್ಲಿ ಬದುಕಿದ ಹೆಣ್ಣಿನ ಕಷ್ಟ ಸುಖವನ್ನೂ ಹೇಳಿದರು. ಎರಡನ್ನೂ ಒಟ್ಟಿಗೆ ಓದಬೇಕು.

ಪತ್ರಿಕೆಯ ಯಶಸ್ಸು ಕನ್ನಡದಲ್ಲಿ ಬೇರೆ ಪ್ರಯೋಗಗಳಿಗೂ ದಾರಿ ಮಾಡಿತು. ಓದುಗರ ಬಲದ ಮೇಲೆ ಪತ್ರಿಕೆ ನಡೆಸಬಹುದು ಎಂಬ ಅದೇ ನಂಬಿಕೆಯಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆ ತಂದರು. ಅದು ಬಹಳ ಕಾಲ ಬಾಳಲಿಲ್ಲವಾದರೂ ಒಂದು ತಲೆಮಾರಿನ ಪತ್ರಕರ್ತರನ್ನು ತಯಾರು ಮಾಡಿತು. 1995ರಲ್ಲಿ ರವಿ ಬೆಳಗೆರೆ ‘ಹಾಯ್ ಬೆಂಗಳೂರ್!’ ಆರಂಭಿಸಿದರು. ಅದಕ್ಕೆ ತನ್ನದೇ ಓದುಗರು, ತನ್ನದೇ ಭಾಷೆ, ಪಾತಕಲೋಕದ ಕಥನದ ಸೆಳೆತ. ಕಪ್ಪು ಬಿಳುಪಿನ ಟ್ಯಾಬ್ಲಾಯ್ಡುಗಳು ಆಮೇಲೆ ಊರೂರಿನಲ್ಲಿ ಹುಟ್ಟಿದವು. ಅವುಗಳಲ್ಲಿ ಹೆಚ್ಚಿನವು ಲಂಕೇಶರಿಂದ ಕಲಿತದ್ದು ಕಟಕಿಯನ್ನು ಮಾತ್ರ. ಕಟಕಿಯ ಹಿಂದಿದ್ದ ಓದು, ಜಾಹೀರಾತನ್ನು ದೂರ ಇಟ್ಟ ನಿಷ್ಠುರತೆ, ನೀಲುವಿನ ಮೃದುತ್ವ ಕಲಿಯಲು ಕಷ್ಟವಾದವು. ಬ್ಲ್ಯಾಕ್‌ಮೇಲ್‌ಗೆ ನಿಂತ ಹಾಳೆಗಳೂ ಅದೇ ಆಕಾರದಲ್ಲಿ ಬಂದದ್ದರಿಂದ ಟ್ಯಾಬ್ಲಾಯ್ಡ್ ಎಂಬ ಹೆಸರೇ ಕೆಟ್ಟಿತು. ಅದರ ಹೊಣೆಯನ್ನು ಮೊದಲನೆಯವನ ತಲೆಗೆ ಕಟ್ಟುವುದು ಸರಿಯಲ್ಲ.

ತೊಂಬತ್ತರ ದಶಕದಲ್ಲಿ ಪತ್ರಿಕೆಯ ದನಿ ಸ್ವಲ್ಪ ಬದಲಾಯಿತು. ಬಾಬರಿ ಮಸೀದಿ ಉರುಳಿದ ಮೇಲಿನ ದೇಶದ ಬಗ್ಗೆ ಲಂಕೇಶ್ ಆತಂಕದಿಂದ ಬರೆದರು. ಅದೇ ಹೊತ್ತಿನ ‘ಗುಣಮುಖ’ ನಾಟಕದಲ್ಲಿ ದೆಹಲಿಯನ್ನು ಲೂಟಿ ಮಾಡಿದ ನಾದಿರ್ ಷಾ ಕಾಯಿಲೆ ಬಿದ್ದಿದ್ದಾನೆ. ಹೊಗಳುಭಟರ ನಡುವೆ ಅವನಿಗೆ ನಿಜ ಹೇಳುವ ಎದೆಗಾರಿಕೆ ಇರುವುದು ಹಕೀಮ ಅಲಾವಿಖಾನನಿಗೆ ಮಾತ್ರ. ನಿಜ ಕೇಳಿಸಿಕೊಳ್ಳುವುದರಿಂದಲೇ ರೋಗಿ ಗುಣವಾಗಬೇಕು. ಹತ್ತು ಹನ್ನೆರಡು ವರ್ಷ ಅಧಿಕಾರಸ್ಥರ ಬಗ್ಗೆ ವಾರ ವಾರ ಬರೆದವನ ಅನುಭವವಿಲ್ಲದೆ ಆ ನಾಟಕ ಹುಟ್ಟುತ್ತಿರಲಿಲ್ಲ. 1993ರಲ್ಲಿ ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ರಿಕೆ ಲೇಖಕನನ್ನು ನುಂಗಿತು ಎಂದು ಮರುಗುತ್ತಿದ್ದವರಿಗೆ ಆ ಕಥೆಗಳೇ ಉತ್ತರ. ವಾರದ ಗಡುವಿನ ನಡುವೆಯೇ ಅವರು ತಮ್ಮ ಅತ್ಯಂತ ಮಾಗಿದ ಕಥೆಗಳನ್ನೂ ‘ಅಕ್ಕ’ ಕಾದಂಬರಿಯನ್ನೂ ಬರೆದರು. ಬೆಂಗಳೂರಿನ ಕೊಳೆಗೇರಿಯ ಹುಡುಗನ ಕಣ್ಣಿಂದ ಹೇಳಿದ ಆ ಕಾದಂಬರಿಯನ್ನು ಮಗಳು ಕವಿತಾ ‘ದೇವೀರಿ’ ಎಂಬ ಚಿತ್ರ ಮಾಡಿದರು. ಅಜ್ಜಿಯ ಹೆಸರಿನ ನೆರಳು ಆ ಶೀರ್ಷಿಕೆಯಲ್ಲಿದೆ.

ಕೊನೆಯ ವರ್ಷಗಳಲ್ಲಿ ಆರೋಗ್ಯ ಕೈಕೊಟ್ಟಿತು. ಕಣ್ಣು ಮಂಜಾಯಿತು. ‘ಮರೆಯುವ ಮುನ್ನ’ ಅಂಕಣದಲ್ಲಿ ನೆನಪು, ಓದು, ಮುಪ್ಪಿನ ಯೋಚನೆಗಳು ಹೆಚ್ಚಾದವು. ಸಿಟ್ಟು ಕಡಿಮೆಯಾಗಲಿಲ್ಲ, ಅದಕ್ಕೆ ಅಂಟಿಕೊಂಡಿದ್ದ ಅವಸರ ಕಡಿಮೆಯಾಯಿತು. 2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. 64 ವರ್ಷ.

ದೆಹಲಿಯಲ್ಲಿ ಟಿ.ವಿ. ವರದಿಗಾರ್ತಿಯಾಗಿದ್ದ ಹಿರಿಯ ಮಗಳು ಗೌರಿ ಬಂದು ಸಂಪಾದಕಿಯಾದರು. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ಬೆಳೆದ ಗೌರಿ ಕನ್ನಡದಲ್ಲಿ ಬರೆಯುವುದನ್ನು ಹೊಸದಾಗಿ ರೂಢಿಸಿಕೊಂಡರು. ತಂದೆಯ ಗದ್ಯ ಅವರದಲ್ಲ. ತಂದೆಯ ನಿರ್ಭೀತಿ ಮಾತ್ರ ಪೂರ್ತಿ ಅವರದು. 2005ರಲ್ಲಿ ತಮ್ಮ ಇಂದ್ರಜಿತ್ ಜೊತೆ ಭಿನ್ನಾಭಿಪ್ರಾಯ ಬಂದು, ಗೌರಿ ‘ಗೌರಿ ಲಂಕೇಶ್ ಪತ್ರಿಕೆ’ ಎಂಬ ಬೇರೆ ವಾರಪತ್ರಿಕೆ ಆರಂಭಿಸಿದರು. ಅದಕ್ಕೂ ಜಾಹೀರಾತಿರಲಿಲ್ಲ. ಸಂಪಾದಕಿಯ ಹೆಸರೇ ಪತ್ರಿಕೆಯ ಹೆಸರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ತಂದೆಗೆ ಬರುತ್ತಿದ್ದದ್ದು ಕೋರ್ಟಿನ ನೋಟಿಸು, ಬೈಗುಳ, ಬೆದರಿಕೆ. ಮಗಳ ಕಾಲಕ್ಕೆ ಗುಂಡು ಬಂತು. ಈ ಎರಡು ತಲೆಮಾರುಗಳ ನಡುವೆ ನಾಡು ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದನ್ನು ಕನ್ನಡಿಗರು ಗಂಭೀರವಾಗಿ ಕೇಳಿಕೊಳ್ಳಬೇಕು.

ಇವತ್ತಿನ ಯುವ ಪತ್ರಕರ್ತರು ಮೊಬೈಲಿನಲ್ಲಿ ಚಾನೆಲ್ ಮಾಡಿಕೊಂಡು, ಚಂದಾದಾರರ ಹಣದಲ್ಲಿ ಸ್ವತಂತ್ರವಾಗಿ ದುಡಿಯುವ ಮಾತಾಡುತ್ತಾರೆ. ಜಾಹೀರಾತುದಾರನ ಹಂಗಿಲ್ಲದೆ ಓದುಗನನ್ನೇ ನಂಬುವ ಆ ಮಾದರಿ ಅವರ ಭಾಷೆಯಲ್ಲೇ, ಅವರ ನಾಡಿನಲ್ಲೇ, ಇಂಟರ್ನೆಟ್ ಇಲ್ಲದ ಕಾಲದಲ್ಲಿ ಇಪ್ಪತ್ತು ವರ್ಷ ನಡೆದಿದೆ. ಅದನ್ನು ತಿಳಿಯಬೇಕೆಂದವರು ‘ಟೀಕೆ ಟಿಪ್ಪಣಿ’ಯ ಸಂಪುಟಗಳಿಂದ ಶುರುಮಾಡಿ ‘ಮರೆಯುವ ಮುನ್ನ’ದವರೆಗೆ ಓದಲಿ. ನಡುವೆ ನೀಲು ಇರಲಿ.

ಆದರೆ ಪುಸ್ತಕಕ್ಕೆ ಬಂದದ್ದು ಪತ್ರಿಕೆಯ ಒಂದು ಭಾಗ ಮಾತ್ರ. ಜಿಲ್ಲೆಯ ವರದಿಗಳು, ಓದುಗರ ಪತ್ರಗಳು, ಹೆಸರಿಲ್ಲದ ಟಿಪ್ಪಣಿಗಳು, ಚಿತ್ರಗಳು, ಆ ಇಪ್ಪತ್ತು ವರ್ಷದ ಕರ್ನಾಟಕದ ದಿನನಿತ್ಯದ ಚರಿತ್ರೆ, ಇವೆಲ್ಲ ಇರುವುದು ಹಳೆಯ ಸಂಚಿಕೆಗಳಲ್ಲಿ. ನ್ಯೂಸ್‌ಪ್ರಿಂಟ್ ಬಾಳುವ ಕಾಗದವಲ್ಲ. ಹಳದಿಯಾಗಿ, ಮಡಿಕೆಯಲ್ಲಿ ಮುರಿದು, ಕೈಯಿಟ್ಟಲ್ಲಿ ಪುಡಿಯಾಗುತ್ತದೆ. ಅದನ್ನು ಉಳಿಸುವ ಸಮಯ ಇನ್ನು ಹೆಚ್ಚಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ, ತೀರಿಕೊಂಡ ತಂದೆಯ ಟ್ರಂಕಿನಲ್ಲೋ 1980ರಿಂದ 2000ದ ನಡುವಿನ ಲಂಕೇಶ್ ಪತ್ರಿಕೆಯ ಕಟ್ಟು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ತಾರೀಖಿನ ಪ್ರಕಾರ ಜೋಡಿಸಿ, ಸಾಧ್ಯವಾದರೆ ಪುಟ ಪುಟವೂ ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಗಳನ್ನು ಹತ್ತಿರದ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿ, ರಸೀದಿ ಪಡೆಯಿರಿ.